ಪರದೇಶಿಯೊಬ್ಬರು ಕಟ್ಟಿದ ‘ಟ್ರಯಂಫ್’

ನಮ್ಮ ಆಡುಮಾತಿನಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ನಿಘಂಟಿನ ಅರ್ಥ. ದಿಕ್ಕುದೆಸೆಯಿಲ್ಲದವನು, ತನ್ನವರೆಂದು ಹೇಳಿಕೊಳ್ಳಲು ಯಾರೂ ಇಲ್ಲದವನು ಎಂಬುದು ಬಳಕೆಯ ಅರ್ಥ. ಹಿರಿಯರು ಈ ಎರಡನ್ನೂ ಒಂದೇ ಪದದಲ್ಲಿ ಕಟ್ಟಿಟ್ಟದ್ದು ಸುಮ್ಮನೆ ಅಲ್ಲ. ಬಾಳಿನ ಮೊದಲ ಭಾಗದಲ್ಲಿ ಒಂದನೆಯ ಅರ್ಥದಲ್ಲಿ ಪರದೇಶಿಯಾಗಿದ್ದು, ಕೈತುಂಬ ಸಂಪತ್ತು, ಊರತುಂಬ ಮನ್ನಣೆ ದೊರೆತ ಮೇಲೆ ಎರಡನೆಯ ಅರ್ಥದಲ್ಲಿಯೂ ಪರದೇಶಿಯಾಗಬೇಕಾಗಿ ಬಂದ ಒಬ್ಬ ಉದ್ಯಮಿಯ ಜೀವನವೃತ್ತಾಂತವನ್ನು ಇಲ್ಲಿ ವಾಚಕರ ಮುಂದೆ ಇಡಲಾಗಿದೆ.

ಆ ಉದ್ಯಮಿಯ ಹೆಸರು ಸೀಗ್‌ಫ್ರೀಡ್ ಬೆಟ್‌ಮನ್. ಹೆಸರು ಅಪರಿಚಿತವಾಗಿರಬಹುದು. ಆದರೆ ಅವರು ಕಟ್ಟಿದ ‘ಟ್ರಯಂಫ್’ ಮೋಟಾರ್ ಸೈಕಲ್ಲಿನ ಹೆಸರು ನಮ್ಮ ಮನೆಗಳ ತರುಣರಿಗೆ ಬಾಯಿಪಾಠವೇ ಆಗಿದೆ. ಅದು ಅಪ್ಪಟ ಇಂಗ್ಲಿಷ್ ಗಾಡಿಯೆಂದು ಎಲ್ಲರೂ ತಿಳಿದಿರುತ್ತಾರೆ. ಇಂಗ್ಲಿಷರೂ ಹಾಗೆಯೇ ತಿಳಿದು ಹೆಮ್ಮೆಪಡುತ್ತಾರೆ. ಅದನ್ನು ಹುಟ್ಟುಹಾಕಿದವರಿಬ್ಬರೂ ಜರ್ಮನಿಯಿಂದ ಬಂದವರೆಂಬ ಸಂಗತಿಯನ್ನು ಹೇಳಿದರೆ ಅನೇಕರು ಹುಬ್ಬೇರಿಸುತ್ತಾರೆ.

ಮೋಟಾರ್ ಸೈಕಲ್ ಉದ್ಯಮದ ಆರಂಭಕಾಲವನ್ನು ಕೆದಕಿ ನೋಡಿದರೆ ಇದೊಂದು ಅಪವಾದವೇನೂ ಅಲ್ಲ. ಅಮೆರಿಕದ ‘ಇಂಡಿಯನ್’ ಗಾಡಿಯನ್ನು ರೂಪಿಸಿದ ಆಸ್ಕರ್ ಹೆಡ್‌ಸ್ಟ್ರಾಮ್ ಸ್ವೀಡನ್ನಿನಲ್ಲಿ ಹುಟ್ಟಿದವರು. ಷಿಕಾಗೋ ನಗರದಲ್ಲಿ ಮೊದಲು ಬೈಸಿಕಲ್ಲನ್ನೂ ತರುವಾಯ ‘ಎಕ್ಸೆಲ್ಸಿಯರ್’ ಮೋಟಾರ್ ಸೈಕಲ್ಲನ್ನೂ ತಯಾರಿಸಿದ ಇಗ್ನಾಜ್ ಶ್ವಿನ್ ಜರ್ಮನಿಯಿಂದ ವಲಸೆ ಬಂದವರು. ಜರ್ಮನಿಯಲ್ಲಿ ‘ಡಿಕೆಡಬ್ಲ್ಯು’ ಸಂಸ್ಥೆಯನ್ನು ಸ್ಥಾಪಿಸಿದ ರಾಸ್ಮುಸೆನ್ ಡೆನ್ಮಾರ್ಕಿನವರು. ನೆಲೆ ಕಿತ್ತು ಬಂದವನಿಗೆ ಹೊಸ ಊರಿನಲ್ಲಿ ಹಳೆಯ ಕಸುಬುಗಳ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಇನ್ನೂ ಯಾರೂ ಕಾಲಿಡದ ಹೊಸ ಕಸುಬಿನಲ್ಲಿ ಎಲ್ಲರೂ ಹೊಸಬರೇ. ಬಹುಶಃ ಅದೇ ಇದರ ಗುಟ್ಟು ಎಂದು ನನಗೆ ತೋರುತ್ತದೆ.

ನ್ಯೂರೆಂಬರ್ಗಿನಿಂದ ಲಂಡನ್ನಿಗೆ

ಬೆಟ್‌ಮನ್ ಅವರು ೧೮೬೩ನೆಯ ಇಸವಿ ಏಪ್ರಿಲ್ ೧೮ರಂದು ಬವೇರಿಯ ಪ್ರಾಂತದ ನ್ಯೂರೆಂಬರ್ಗ್ ನಗರದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ಬವೇರಿಯದ ಜಮೀನುದಾರ ಶ್ರೀಮಂತರೊಬ್ಬರ ಆಸ್ತಿಪಾಸ್ತಿಯ ಮೇಲ್ವಿಚಾರಕರಾಗಿದ್ದರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ದೊಡ್ಡ ಮನೆತನದ ಕಾರಭಾರಿಗಳು. ಉಣ್ಣಲು ಉಡಲು ಕೊರತೆಯಿರಲಿಲ್ಲ. ಮಗನಿಗೆ ಒಳ್ಳೆಯ ವಿದ್ಯಾಭ್ಯಾಸ ದೊರೆಯಿತು, ಹಲವು ಭಾಷೆಗಳು ಕರಗತವಾದವು. ಆ ಭಾಷೆಗಳೇ ಮುಂದೆ ಅವರ ಬಂಡವಾಳವಾದವು.

೧೮೮೦ರ ದಶಕದ ಮೊದಲ ಭಾಗದಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಬೆಟ್‌ಮನ್ ಲಂಡನ್ ನಗರಕ್ಕೆ ಬಂದಿಳಿದರು. ಅಲ್ಲಿ ಅವರಿಗೆ ಮೊದಲು ದೊರೆತದ್ದು ವ್ಯಾಪಾರಿಗಳ ವಿಳಾಸಗಳನ್ನು ಸಂಗ್ರಹಿಸಿ ಪುಸ್ತಕರೂಪದಲ್ಲಿ ಪ್ರಕಟಿಸುತ್ತಿದ್ದ ಕೆಲ್ಲಿ ಎಂಬ ಸಂಸ್ಥೆಯಲ್ಲಿ ಕೆಲಸ. ವಿದೇಶೀ ಭಾಷೆ ಬಲ್ಲ ಗುಮಾಸ್ತ ಆ ಸಂಸ್ಥೆಗೆ ಬೇಕಾಗಿದ್ದ. ನೀರಸ ಕೆಲಸವೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಯಾವ ದೇಶದ ಯಾವ ಊರಿನಲ್ಲಿ ಯಾವ ಸಾಮಾನಿನ ವರ್ತಕರಿದ್ದಾರೆ ಎಂಬುದನ್ನು ದಿನವಿಡೀ ಬರೆದ ತರುಣನಿಗೆ ಅದಕ್ಕಿಂತ ಒಳ್ಳೆಯ ವಾಣಿಜ್ಯ ಶಾಲೆ ಇನ್ನೊಂದಿರಲಾರದು. ಅನಂತರ ಅವರು ಅಮೆರಿಕದ ವೈಟ್ ಎಂಬ ಹೊಲಿಗೆ ಯಂತ್ರದ ಕಂಪನಿಯ ಪ್ರತಿನಿಧಿಯಾದರು. ಕೆಲಕಾಲದಲ್ಲಿಯೇ ಆ ನೌಕರಿಯನ್ನೂ ಬಿಟ್ಟು ‘ಎಸ್. ಬೆಟ್‌ಮನ್ ಮತ್ತು ಕಂಪನಿ’ ಎಂಬ ಹೆಸರಿನಲ್ಲಿ ಆಮದು ರಫ್ತಿನ ಸ್ವಂತ ವ್ಯವಹಾರ ಆರಂಭಿಸಿದರು.

ಅದು ಬೈಸಿಕಲ್ಲುಗಳ ಕಾಲ. ಮುಂದಿನ ಗಾಲಿ ಆಳೆತ್ತರ, ಹಿಂದಿನದು ಗೇಣುದ್ದ ಇದ್ದ ಅಪಾಯಕಾರಿ ಗಾಡಿಗಳು ಹಿಂದೆ ಸರಿದು, ೧೮೮೫ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವರು ತಂದ ‘ರೋವರ್’ ಮಾದರಿಯ ಸಮಗಾಲಿಯ, ಸರಪಳಿಯ ಬೈಸಿಕಲ್ಲು ಜನಪ್ರಿಯವಾಗತೊಡಗಿತ್ತು. ಬೆಟ್‌ಮನ್ ಅವರು ಬರ್ಮಿಂಗ್‌ಹ್ಯಾಮಿನ ವಿಲಿಯಂ ಆಂಡ್ರೂಸ್ ಎಂಬ ತಯಾರಕರಿಂದ ಬೈಸಿಕಲ್ ಮಾಡಿಸಿ, ತಮ್ಮ ಹೆಸರು ಹಚ್ಚಿ ಯೂರೋಪಿಗೆ ಕಳುಹಿಸುತ್ತಿದ್ದರು. ಆದರೆ ‘ಬೆಟ್‌ಮನ್ ಬೈಸಿಕಲ್’ ಎಂಬುದು ಇಂಗ್ಲೆಂಡಿನಲ್ಲಿ ಕಿವಿಗೆ ಒಗ್ಗದ ಹೆಸರು. ಎಲ್ಲ ದೇಶದವರೂ ತಿಳಿಯಬಲ್ಲ ಒಂದು ಹೆಸರು ಬೇಕೆಂದು ಯೋಚಿಸಿ ಅವರು ೧೮೮೬ರಲ್ಲಿ ‘ಟ್ರಯಂಫ್’ ಎಂಬ ಪದವನ್ನು ಆರಿಸಿಕೊಂಡರು. ಇಂಗ್ಲಿಷಿನಲ್ಲಿಯೂ ಜರ್ಮನ್ನಿನಲ್ಲಿಯೂ ಆ ಪದ ಒಂದೇ ಕಾಗುಣಿತದಲ್ಲಿದೆ. ಫ್ರೆಂಚ್ ಮೊದಲಾದ ಭಾಷೆಗಳಲ್ಲಿ ಅಲ್ಪಸ್ವಲ್ಪ ಭೇದದೊಡನೆ ಇದೆ. ಎಲ್ಲೆಲ್ಲಿಯೂ ವಿಜಯವೆಂದೇ ಅರ್ಥ. ತನ್ನ ಹೆಸರನ್ನು ತಾನೇ ಅಳಿಸಿ ಆ ಜಾಗದಲ್ಲಿ ಎಲ್ಲರಿಗೂ ಸಲ್ಲುವ ಹೆಸರನ್ನಿಡುವುದು ವ್ಯಾಪಾರದ ಜಾಣತನವೂ ಹೌದು, ಪರನಾಡಿನಲ್ಲಿ ಬದುಕುವವನ ಎಚ್ಚರವೂ ಹೌದು.

೧೮೮೭ರಲ್ಲಿ ಅವರಿಗೆ ಮಾರಿಟ್ಸ್ ಶುಲ್ಟೆ ಎಂಬ ಇನ್ನೊಬ್ಬ ಜರ್ಮನ್ ತರುಣ ಪಾಲುದಾರನಾಗಿ ದೊರೆತನು. ಬೆಟ್‌ಮನ್ ವ್ಯಾಪಾರಿ, ಶುಲ್ಟೆ ಯಂತ್ರಜ್ಞ. ಇತರರು ಮಾಡಿದ ಮಾಲಿಗೆ ನಮ್ಮ ಚೀಟಿ ಅಂಟಿಸುವುದು ಎಷ್ಟು ದಿನ? ನಾವೇ ತಯಾರಿಸೋಣ ಎಂಬುದು ಶುಲ್ಟೆಯ ವಾದ. ಬೆಟ್‌ಮನ್ ಅದನ್ನು ಒಪ್ಪಿಕೊಂಡರು. ಕಾರ್ಖಾನೆಗೆ ಅವರು ಆರಿಸಿಕೊಂಡ ಊರು ಕೊವೆಂಟ್ರಿ.

ಕಸುಬು ಬದಲಿಸಿದ ಊರು

ಕೊವೆಂಟ್ರಿಯ ಬಗೆಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ಇಂಗ್ಲೆಂಡಿನ ನಟ್ಟನಡುವೆ ಇರುವ ಈ ಊರು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ರೇಷ್ಮೆಯ ರಿಬ್ಬನ್ನು ನೇಯುವವರ ಊರಾಗಿತ್ತು, ಗಡಿಯಾರ ಮಾಡುವವರ ಊರಾಗಿತ್ತು. ೧೮೬೦ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಆದ ವಾಣಿಜ್ಯ ಒಪ್ಪಂದದಿಂದ ಫ್ರೆಂಚ್ ರೇಷ್ಮೆಯ ಮೇಲಿನ ಸುಂಕ ಹೋಯಿತು, ಅಗ್ಗದ ಸೊಗಸಾದ ಮಾಲು ಬಂದು ಸುರಿಯಿತು, ಮಗ್ಗಗಳು ನಿಂತವು. ಸಾವಿರಾರು ನೇಕಾರ ಕುಟುಂಬಗಳು ಊರು ಬಿಟ್ಟು ಹೋದವು. ಗಡಿಯಾರದ ಕಸುಬನ್ನೂ ಸ್ವಿಸ್ ಮತ್ತು ಅಮೆರಿಕನ್ ಗಡಿಯಾರಗಳು ಕ್ರಮೇಣ ನುಂಗಿದವು. ಸಣ್ಣ ಹಲ್ಲುಚಕ್ರ ಕೊರೆಯಬಲ್ಲ ಬೆರಳುಗಳು ಮಾತ್ರ ಉಳಿದವು. ಆ ಬೆರಳುಗಳಿಗೆ ಕೆಲಸ ಕೊಡಲು ಮೊದಲು ಹೊಲಿಗೆ ಯಂತ್ರದ ಕಾರ್ಖಾನೆ ಬಂತು. ಅದೇ ಕಾರ್ಖಾನೆ ೧೮೬೯ರ ಹೊತ್ತಿಗೆ ಫ್ರಾನ್ಸಿನ ಗಿರಾಕಿಗಳಿಗಾಗಿ ಬೈಸಿಕಲ್ ಮಾಡಲು ತೊಡಗಿತು. ಅಲ್ಲಿಂದ ಊರೆಲ್ಲ ಬೈಸಿಕಲ್ಲಾಯಿತು. ಹೀಗೆ ಕಸುಬು ಕಳೆದುಕೊಂಡ ಊರೊಂದು ನೆಲೆ ಕಳೆದುಕೊಂಡ ತರುಣರಿಬ್ಬರಿಗೆ ಆಶ್ರಯ ಕೊಟ್ಟಿತು.

ಎರಡೂ ಮನೆತನಗಳಿಂದ ಕೈಗಡವಾಗಿ ತಂದ ಹಣದಿಂದ ಮಚ್ ಪಾರ್ಕ್ ಬೀದಿಯಲ್ಲಿ ಜಾಗ ಗೊತ್ತುಮಾಡಿ, ೧೮೮೯ರಲ್ಲಿ ಸ್ವಂತ ಕಾರ್ಖಾನೆಯ ಮೊದಲ ಟ್ರಯಂಫ್ ಬೈಸಿಕಲ್ಲನ್ನು ಹೊರತಂದರು. ಮುಂದೆ ಡನ್‌ಲಪ್ ಟೈರ್ ಕಂಪನಿಯವರೂ ಬಂಡವಾಳ ಹೂಡಿದರು. ೧೮೯೬ರಲ್ಲಿ ಬೆಟ್‌ಮನ್ ತಮ್ಮ ಹುಟ್ಟೂರು ನ್ಯೂರೆಂಬರ್ಗಿನಲ್ಲಿಯೂ ಒಂದು ಶಾಖಾ ಕಾರ್ಖಾನೆ ತೆರೆದರು. ಒಂದೇ ಹೆಸರಿನ ಎರಡು ಕಾರ್ಖಾನೆಗಳು, ಎರಡು ದೇಶಗಳಲ್ಲಿ. ಆ ದಿನ ಅದು ಅಭಿಮಾನದ ವಿಷಯ. ಹದಿನೆಂಟು ವರ್ಷಗಳ ತರುವಾಯ ಅದೇ ಎರಡು ದೇಶಗಳು ಪರಸ್ಪರ ತುಪಾಕಿ ಹಿಡಿದು ನಿಲ್ಲುವವೆಂದು ಯಾರು ಬಲ್ಲರು!

ಬೈಸಿಕಲ್ಲಿಗೆ ಎಂಜಿನ್ನು ಬಂದದ್ದು

೧೮೯೬ರಲ್ಲಿ ಬೈಸಿಕಲ್ ಶೇರುಗಳ ಹುಚ್ಚು ಇಂಗ್ಲೆಂಡನ್ನು ಹಿಡಿದಿತ್ತು. ಮರುವರ್ಷವೇ ಆ ಗುಳ್ಳೆ ಒಡೆಯಿತು. ಮಾಲು ರಾಶಿಬಿದ್ದು ಬೆಲೆ ಇಳಿದು ಅನೇಕ ಕಂಪನಿಗಳು ಮುಳುಗಿದವು. ಉಳಿದವರಿಗೆ ಇನ್ನೊಂದು ದಾರಿ ಬೇಕಾಗಿತ್ತು. ಶುಲ್ಟೆ ಆಗಲೇ ಎಂಜಿನ್ನು ಕೂಡಿಸಿದ ಬೈಸಿಕಲ್ಲಿನ ಬೆನ್ನುಹತ್ತಿದ್ದನು. ಜರ್ಮನಿಯ ಹಿಲ್ಡೆಬ್ರಾಂಡ್ ಮತ್ತು ವೊಲ್ಫ್‌ಮ್ಯುಲರ್ ಎಂಬ ಗಾಡಿಯನ್ನು ತರಿಸಿ ಪರೀಕ್ಷಿಸಿ ನೋಡಿದ್ದೂ ಉಂಟು. ಆದರೆ ದುಡುಕಲಿಲ್ಲ. ಕೊನೆಗೆ ೧೯೦೨ರಲ್ಲಿ ಟ್ರಯಂಫ್ ಹೆಸರಿನ ಮೊದಲ ಮೋಟಾರ್ ಸೈಕಲ್ ಹೊರಬಂತು.

ಅದನ್ನು ಮೋಟಾರ್ ಸೈಕಲ್ ಎನ್ನುವುದಕ್ಕಿಂತ ಬಲಪಡಿಸಿದ ಬೈಸಿಕಲ್ಲು ಎನ್ನುವುದೇ ಸರಿ. ಮುಂಭಾಗದ ಇಳಿಗೊಳವೆಗೆ ಎರಡೂಕಾಲು ಅಶ್ವಶಕ್ತಿಯ ಎಂಜಿನ್ನನ್ನು ತಗುಲಿಸಿದ್ದರು. ಆ ಎಂಜಿನ್ನು ಬೆಲ್ಜಿಯಂ ದೇಶದ ಆಂಟ್‌ವರ್ಪಿನ ಮಿನರ್ವಾ ಕಂಪನಿಯದು. ಆ ಕಂಪನಿಯ ಸ್ಥಾಪಕ ಸಿಲ್ವೆನ್ ಡಿ ಯಾಂಗ್ ಕೂಡ ಹಾಲೆಂಡಿನಿಂದ ಬಂದು ಅಲ್ಲಿ ನೆಲೆಸಿದವನೆಂಬುದು ಇನ್ನೊಂದು ಸ್ವಾರಸ್ಯ. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಒಂದು ಪಟ್ಟಿ. ಕ್ಲಚ್ ಇಲ್ಲ, ಗೇರು ಇಲ್ಲ. ಪೆಡಲ್ ತುಳಿಯುತ್ತ ಹೋಗಿ ಎಂಜಿನ್ನು ಹತ್ತಿಕೊಂಡ ಮೇಲೆ ಕಾಲು ಬಿಡಬೇಕು. ಗಾಡಿ ನಿಲ್ಲಿಸಬೇಕಾದರೆ ಎಂಜಿನ್ನೂ ನಿಲ್ಲಬೇಕು. ಏರು ಬಂದರೆ ಮತ್ತೆ ತುಳಿಯಬೇಕು. ಮಳೆ ಬಂದರೆ ಪಟ್ಟಿ ಒದ್ದೆಯಾಗಿ ಜಾರುತ್ತದೆ; ಎಂಜಿನ್ನು ಭೋರ್ಗರೆಯುತ್ತದೆ, ಗಾಡಿ ಮಾತ್ರ ನಿಂತಲ್ಲಿಯೇ. ಹೊಸತನದ ಆಕರ್ಷಣೆಯಿಂದ ಕೊಂಡವರು ಇಂಥ ತಾಪತ್ರಯಗಳಿಂದ ಬೇಸತ್ತರು. ೧೯೦೪-೦೫ರ ಹೊತ್ತಿಗೆ ಮೋಟಾರ್ ಸೈಕಲ್ಲೆಂದರೆ ನಂಬಲಾಗದ ವಸ್ತುವೆಂಬ ಅಪಖ್ಯಾತಿ ಹಬ್ಬಿ, ಅನೇಕ ತಯಾರಕರು ಕೈಬಿಟ್ಟರು.

ಬೆಟ್‌ಮನ್-ಶುಲ್ಟೆ ಜೋಡಿಯ ನಿಜವಾದ ಹಿರಿಮೆ ಕಾಣುವುದು ಇಲ್ಲಿ. ಅವರೇ ಈ ಗಾಡಿಯನ್ನು ಮೊದಲು ಕಂಡುಹಿಡಿದವರಲ್ಲ. ಬೇಗನೆ ಬಂದವರೂ ಅಲ್ಲ. ಆದರೆ ಉಳಿದವರು ಕೈತೊಳೆದುಕೊಂಡ ಹೊತ್ತಿನಲ್ಲಿ ಇವರು ತಮ್ಮದೇ ಎಂಜಿನ್ನನ್ನು ರೂಪಿಸಲು ಕುಳಿತರು. ಕಾರ್ಖಾನೆಯ ಮೇಲ್ವಿಚಾರಕ ಚಾರ್ಲ್ಸ್ ಹ್ಯಾಥವೇ ಅವರ ನೆರವಿನಿಂದ ೧೯೦೫ರಲ್ಲಿ ಮೂರು ಅಶ್ವಶಕ್ತಿಯ ಸ್ವಂತ ಎಂಜಿನ್ನು ಸಿದ್ಧವಾಯಿತು. ಅದಕ್ಕೆ ಬ್ಯಾಟರಿಯ ಬದಲು ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಜೋಡಿಸಿದರು. ದಾರಿಯ ನಡುವೆ ಬ್ಯಾಟರಿ ಬರಿದಾಗಿ ಗಾಡಿ ತಳ್ಳಿಕೊಂಡು ಬರುವ ಶಿಕ್ಷೆ ತಪ್ಪಿತು. ವೇಗಕ್ಕಿಂತ ನಂಬಿಕೆ ಮುಖ್ಯ, ಹೊರಟವನು ಮನೆ ಸೇರಬೇಕು ಎಂಬುದು ಅವರ ಧೋರಣೆ. ಜನ ಅದಕ್ಕೆ ಪ್ರೀತಿಯಿಂದ ‘ನಂಬಿಗಸ್ಥ ಟ್ರಯಂಫ್’ ಎಂಬ ಅಡ್ಡಹೆಸರಿಟ್ಟರು. ೧೯೦೭ರಲ್ಲಿ ಸುಮಾರು ಒಂದು ಸಾವಿರ ಗಾಡಿಗಳು ತಯಾರಾದವು. ೧೯೦೯ರಲ್ಲಿ ಸುಮಾರು ಮೂರು ಸಾವಿರ. ಹಳೆಯ ಜಾಗ ಸಾಲದೆ ಕಾರ್ಖಾನೆ ಪ್ರಯರಿ ಬೀದಿಗೆ, ನಗರದ ಪ್ರಾಚೀನ ಇಗರ್ಜಿಯ ಮಗ್ಗುಲಿಗೆ, ಬಂತು.

ಪಂದ್ಯಗಳಿಂದ ಕೀರ್ತಿ ಬೆಳೆಯಿತು. ೧೯೦೭ರಲ್ಲಿ ಮಾನ್ ದ್ವೀಪದಲ್ಲಿ ಮೊದಲ ಬಾರಿಗೆ ‘ಟೂರಿಸ್ಟ್ ಟ್ರೋಫಿ’ ಪಂದ್ಯ ನಡೆದಾಗ ಟ್ರಯಂಫ್ ಏರಿದ ಜ್ಯಾಕ್ ಮಾರ್ಷಲ್ ತನ್ನ ವರ್ಗದಲ್ಲಿ ಎರಡನೆಯವನಾದನು. ಮರುವರ್ಷ ಪೆಡಲ್ ಬಳಸಕೂಡದೆಂಬ ನಿಯಮ ಬಂತು. ಅಂದರೆ ಏರಿನಲ್ಲಿ ಕಾಲಿನ ಸಹಾಯವಿಲ್ಲ, ಎಂಜಿನ್ನೇ ಎಳೆಯಬೇಕು. ಆ ೧೯೦೮ರ ಪಂದ್ಯದಲ್ಲಿ ೧೫೮ ಮೈಲಿಗಳನ್ನು ಗಂಟೆಗೆ ಸುಮಾರು ೪೦ ಮೈಲಿ ವೇಗದಲ್ಲಿ ಕ್ರಮಿಸಿ ಮಾರ್ಷಲ್ ಗೆದ್ದನು. ೧೯೧೧ರಲ್ಲಿ ಐವನ್ ಹಾರ್ಟ್-ಡೇವಿಸ್ ಎಂಬವನು ಬ್ರಿಟನ್ನಿನ ತೆಂಕಣ ತುದಿಯಿಂದ ಬಡಗಣ ತುದಿಯವರೆಗೆ, ಸುಮಾರು ೮೮೬ ಮೈಲಿಗಳನ್ನು, ೨೯ ಗಂಟೆ ೧೨ ನಿಮಿಷಗಳಲ್ಲಿ ಟ್ರಯಂಫ್ ಮೇಲೆ ದಾಟಿದನು. ಅಂದಿನ ಕಲ್ಲುಮಣ್ಣಿನ ರಸ್ತೆ, ಅಂದಿನ ದೀಪ, ಅಂದಿನ ಟೈರುಗಳನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಕೊರಳಿಗೆ ಬಂದ ಸರ

ಈ ನಡುವೆ ಬೆಟ್‌ಮನ್ ಅವರು ಕೊವೆಂಟ್ರಿಯವರೇ ಆಗಿಹೋಗಿದ್ದರು. ಆನಿ ಎಂಬ ಇಂಗ್ಲಿಷ್ ಮಹಿಳೆಯನ್ನು ೧೮೯೫ರಲ್ಲಿ ಮದುವೆಯಾಗಿ, ಸ್ಟೋಕ್ ಪಾರ್ಕ್ ಬಡಾವಣೆಯಲ್ಲಿ ‘ಎಲ್ಮ್ ಬ್ಯಾಂಕ್’ ಎಂಬ ಮನೆಯಲ್ಲಿ ಸಂಸಾರ ಹೂಡಿದರು. ಊರಿನ ವಾಣಿಜ್ಯ ಮಂಡಲಿ, ಲಿಬರಲ್ ಪಕ್ಷ, ನ್ಯಾಯಪೀಠ ಹೀಗೆ ಎಲ್ಲ ಸಾರ್ವಜನಿಕ ಕಾರ್ಯಗಳಲ್ಲಿಯೂ ಅವರ ಕೈಯಿತ್ತು. ಕೊವೆಂಟ್ರಿಯ ಇನ್ನೊಂದು ದೊಡ್ಡ ಸಂಸ್ಥೆಯಾದ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಅಧ್ಯಕ್ಷ ಸ್ಥಾನವೂ ಅವರಿಗೆ ಬಂತು. ಹೊಸದಾಗಿ ಉದ್ಯೋಗ ಆರಂಭಿಸುವ ತರುಣರಿಗೆ ಧನಸಹಾಯ ಮಾಡಲು ಪತ್ನಿಯ ಹೆಸರಿನಲ್ಲಿ ಒಂದು ದತ್ತಿಯನ್ನು ಅವರು ಸ್ಥಾಪಿಸಿದರು. ತಾವು ಹಣ ಹೊಂದಿಸಲು ಪಟ್ಟ ಪಾಡು ಅವರಿಗೆ ಮರೆತಿರಲಿಲ್ಲ ಎಂದು ಇದರಿಂದ ತಿಳಿಯುತ್ತದೆ.

೧೯೧೩ರ ನವೆಂಬರಿನಲ್ಲಿ ನಗರಸಭೆಯು ಅವರನ್ನು ಕೊವೆಂಟ್ರಿಯ ಮೇಯರ್ ಆಗಿ ಆರಿಸಿತು. ಇಂಗ್ಲೆಂಡಿನ ಹಳೆಯ ನಗರಗಳಲ್ಲಿ ಮೇಯರ್ ಎಂದರೆ ಬರಿಯ ಅಧಿಕಾರವಲ್ಲ. ಅದು ಊರಿನ ಮಾನದ ಗುರುತು. ನಿಲುವಂಗಿ, ಕೊರಳಲ್ಲಿ ಚಿನ್ನದ ಸರ, ಮುಂದೆ ದಂಡ ಹಿಡಿದು ನಡೆಯುವವರು. ಮೂವತ್ತು ವರ್ಷಗಳ ಹಿಂದೆ ಗುಮಾಸ್ತನಾಗಿ ಬಂದಿದ್ದ ನ್ಯೂರೆಂಬರ್ಗಿನ ಯಹೂದಿ ತರುಣನ ಕೊರಳಿಗೆ ಊರು ತನ್ನ ಕೈಯಾರೆ ಆ ಸರವನ್ನು ತೊಡಿಸಿತು. ಕೊವೆಂಟ್ರಿಯ ಹಿರಿತನವನ್ನು ಇಲ್ಲಿ ಮೆಚ್ಚಲೇಬೇಕು.

ಆದರೆ ಆ ಮೆಚ್ಚುಗೆ ಒಂಬತ್ತು ತಿಂಗಳೂ ಉಳಿಯಲಿಲ್ಲ. ೧೯೧೪ರ ಆಗಸ್ಟ್ ೪ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಜರ್ಮನ್ ಹೆಸರುಳ್ಳವರೆಲ್ಲರೂ ಒಂದೇ ರಾತ್ರಿಯಲ್ಲಿ ಸಂಶಯಕ್ಕೆ ಗುರಿಯಾದರು. ಬ್ರಿಟಿಷ್ ನೌಕಾದಳದ ಮುಖ್ಯಸ್ಥನೂ ರಾಜಮನೆತನದ ನೆಂಟನೂ ಆಗಿದ್ದ ಬ್ಯಾಟನ್‌ಬರ್ಗ್‌ನ ಲೂಯಿ ರಾಜಕುಮಾರನೇ ತನ್ನ ಜರ್ಮನ್ ಜನ್ಮದ ಕಾರಣದಿಂದ ಅಕ್ಟೋಬರಿನಲ್ಲಿ ಪದವಿ ಬಿಡಬೇಕಾಯಿತು. ೧೯೧೭ರಲ್ಲಿ ರಾಜಮನೆತನವೇ ತನ್ನ ಜರ್ಮನ್ ಹೆಸರನ್ನು ಕಳಚಿ ‘ವಿಂಡ್ಸರ್’ ಎಂದು ಇಟ್ಟುಕೊಂಡಿತು. ದೊರೆಗಳ ಪಾಡೇ ಇದಾದರೆ ಬೈಸಿಕಲ್ ವ್ಯಾಪಾರಿಯ ಪಾಡೇನು? ಬೆಟ್‌ಮನ್ ಅವರು ಮೇಯರ್ ಪದವಿಯಲ್ಲಿ ಮುಂದುವರಿಯುವುದು ಅಸಾಧ್ಯವಾಗಿ, ೧೯೧೪ರಲ್ಲಿಯೇ ಅದನ್ನು ತೊರೆಯಬೇಕಾಯಿತು. ಸ್ಟ್ಯಾಂಡರ್ಡ್ ಕಂಪನಿಯ ಅಧ್ಯಕ್ಷತೆಯೂ ಹೋಯಿತು. ಅವರು ಯಾವ ತಪ್ಪು ಮಾಡಿದ್ದರೆಂದು ಯಾರೂ ಹೇಳಲಿಲ್ಲ, ಏಕೆಂದರೆ ತಪ್ಪೇನೂ ಇರಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ನೋಡಬೇಕು. ಯುದ್ಧ ಮೊದಲಾದ ದಿನಗಳಲ್ಲಿಯೇ, ಒಂದು ವಾರಾಂತ್ಯದಲ್ಲಿ, ಸಮರ ಇಲಾಖೆಯ ಕ್ಯಾಪ್ಟನ್ ಕ್ಲಾಡ್ ಹಾಲ್‌ಬ್ರೂಕ್ ಎಂಬ ಅಧಿಕಾರಿಯಿಂದ ಬೆಟ್‌ಮನ್ ಅವರಿಗೆ ದೂರವಾಣಿ ಕರೆ ಬಂತು: ಫ್ರಾನ್ಸಿಗೆ ಕಳುಹಿಸಲು ಒಂದು ನೂರು ಮೋಟಾರ್ ಸೈಕಲ್‌ಗಳು ಕೂಡಲೇ ಬೇಕು. ಬಿಡುವಿನ ದಿನವಾದರೂ ಕೆಲಸಗಾರರನ್ನು ಕರೆಸಿ, ಗಾಡಿಗಳನ್ನು ಕಟ್ಟಿಸಿ ಕಳುಹಿಸಿಕೊಟ್ಟರು. ಅಲ್ಲಿಂದ ಸೇನೆಯ ಬೇಡಿಕೆ ನಿಲ್ಲಲೇ ಇಲ್ಲ. ೧೯೧೫ರಲ್ಲಿ ಬಂದ ‘ಎಚ್’ ಮಾದರಿಯ ಟ್ರಯಂಫ್ ೫೫೦ ಸಿಸಿ ಎಂಜಿನ್ನಿನದು, ಮೂರು ಗೇರಿನದು. ಹಳೆಯ ಪೆಡಲ್ಲುಗಳು ಅದರಲ್ಲಿ ಪೂರ್ತಿ ಮಾಯವಾಗಿದ್ದವು. ಎಂಜಿನ್ನಿನಿಂದ ಗೇರು ಪೆಟ್ಟಿಗೆಯವರೆಗೆ ಸರಪಳಿ, ಅಲ್ಲಿಂದ ಗಾಲಿಗೆ ಪಟ್ಟಿ. ಯುದ್ಧ ಮುಗಿಯುವುದರೊಳಗೆ ಸುಮಾರು ಮೂವತ್ತು ಸಾವಿರ ಗಾಡಿಗಳು ಬ್ರಿಟನ್ ಮತ್ತು ಅದರ ಮಿತ್ರರಾಷ್ಟ್ರಗಳ ಸೇನೆಗೆ ಹೋದವು.

ಫಿರಂಗಿಯ ಗುಂಡುಗಳಿಂದ ದೂರವಾಣಿಯ ತಂತಿಗಳು ಹರಿದು ಚೂರಾದಾಗ ಸೇನಾಪತಿಯ ಆಜ್ಞೆಯನ್ನು ಮುಂಚೂಣಿಗೆ ಮುಟ್ಟಿಸುತ್ತಿದ್ದವರು ಈ ಗಾಡಿಗಳ ಮೇಲೆ ಕುಳಿತ ಸಂದೇಶವಾಹಕರು. ಕೆಸರು, ಗುಂಡಿ, ದೀಪ ಹಚ್ಚಲಾಗದ ಕತ್ತಲೆ. ಅಲ್ಲಿ ಪಟ್ಟಿ ಜಾರಿದರೆ, ಕಿಡಿ ಹಾರದಿದ್ದರೆ, ಒಂದು ತುಕಡಿಯ ಪ್ರಾಣ ಹೋದೀತು. ಆ ಸವಾರರು ನಂಬಿದ್ದು ಟ್ರಯಂಫ್ ಗಾಡಿಯನ್ನು. ಅದನ್ನು ಕಟ್ಟಿಸಿ ಕಳುಹಿಸಿದ ಮನುಷ್ಯನನ್ನು ಮಾತ್ರ ಮೇಯರ್ ಆಗಿ ನಂಬಲು ದೇಶ ಒಪ್ಪಲಿಲ್ಲ. ಈ ವಿಪರ್ಯಾಸವನ್ನು ಕುರಿತು ಹೆಚ್ಚು ವ್ಯಾಖ್ಯಾನ ಅನಗತ್ಯ. ಅತ್ತ ನ್ಯೂರೆಂಬರ್ಗಿನಲ್ಲಿ ಅದೇ ಹೆಸರಿನ ಕಾರ್ಖಾನೆ ಶತ್ರುದೇಶದ ಪಾಲಾಗಿತ್ತು. ಹುಟ್ಟಿದ ನೆಲದಲ್ಲಿ ಅವರು ಇಂಗ್ಲಿಷರವರು, ಬಾಳಿದ ನೆಲದಲ್ಲಿ ಜರ್ಮನರವರು.

ಬೆಟ್‌ಮನ್ ಊರು ಬಿಟ್ಟು ಹೋಗಲಿಲ್ಲ. ಮೇಯರ್ ಮನೆಯ ಬಾಗಿಲು ಮುಚ್ಚಿತು. ಕಾರ್ಖಾನೆಯ ಬಾಗಿಲು ತೆರೆದೇ ಇತ್ತು. ಅವರು ಎಂದಿನಂತೆ ಅಲ್ಲಿಗೆ ಹೋಗುತ್ತಿದ್ದರು.

ಹಳೆಯ ಗೆಳೆತನದ ಕೊನೆ

ಯುದ್ಧ ಮುಗಿದ ಮೇಲೆ ಮನೆಯೊಳಗೇ ಒಂದು ಒಡಕು ಬಂತು. ಬೈಸಿಕಲ್ ತಯಾರಿಕೆಯನ್ನು ಕೈಬಿಟ್ಟು ಮೋಟಾರು ಕಾರಿಗೆ ಕೈಹಾಕೋಣ ಎಂದು ಶುಲ್ಟೆ ಹೇಳಿದರು. ಅನ್ನ ಕೊಟ್ಟ ಬೈಸಿಕಲ್ಲನ್ನು ಬಿಡಲು ಬೆಟ್‌ಮನ್ ಒಪ್ಪಲಿಲ್ಲ. ಮೂವತ್ತೆರಡು ವರ್ಷಗಳ ಪಾಲುದಾರಿಕೆ ೧೯೧೯ರಲ್ಲಿ ಮುರಿಯಿತು. ದೊಡ್ಡ ಮೊತ್ತವೊಂದನ್ನು ಕೊಟ್ಟು ಶುಲ್ಟೆಯವರನ್ನು ಬೀಳ್ಕೊಡಲಾಯಿತು. ಅವರ ಜಾಗಕ್ಕೆ, ಯುದ್ಧಕಾಲದಲ್ಲಿ ಗಾಡಿ ಬೇಕೆಂದು ಕರೆ ಮಾಡಿದ್ದ ಅದೇ ಹಾಲ್‌ಬ್ರೂಕ್ ಬಂದರು. ವಿಚಿತ್ರವೆಂದರೆ, ೧೯೨೩ರಲ್ಲಿ ಟ್ರಯಂಫ್ ಕಾರು ಬಂದೇ ಬಂತು. ೧೯೩೨ರಲ್ಲಿ ಬೈಸಿಕಲ್ ವಿಭಾಗವನ್ನು ರ್‍ಯಾಲೆ ಕಂಪನಿಗೆ ಮಾರಿಯೂ ಆಯಿತು. ಶುಲ್ಟೆ ಹೇಳಿದ್ದೆಲ್ಲವೂ ಶುಲ್ಟೆ ಇಲ್ಲದೆ ನಡೆಯಿತು. ವ್ಯವಹಾರದಲ್ಲಿ ಬೆಟ್‌ಮನ್ ಅವರ ಎಣಿಕೆ ತಪ್ಪಿದ್ದು ಈ ಒಂದು ಪ್ರಸಂಗದಲ್ಲಿ ಎಂದು ನನ್ನ ಅಭಿಪ್ರಾಯ. ತಪ್ಪಿದ್ದು ಎಣಿಕೆಯಲ್ಲಿ ಮಾತ್ರವೋ ಸ್ನೇಹದಲ್ಲಿಯೂ ಹೌದೋ ಎಂಬುದನ್ನು ಹೇಳುವುದು ಕಷ್ಟ.

ಮೋಟಾರ್ ಸೈಕಲ್ ಮಾತ್ರ ಚೆನ್ನಾಗಿಯೇ ನಡೆದಿತ್ತು. ೧೯೨೫ರ ‘ಪಿ’ ಮಾದರಿಯನ್ನು ೪೩ ಪೌಂಡಿಗೂ ಕಡಿಮೆ ಬೆಲೆಗೆ ಕೊಟ್ಟು, ಅದುವರೆಗೆ ಇಂಥ ಗಾಡಿಯನ್ನು ದೂರದಿಂದ ನೋಡಿ ತೃಪ್ತಿಪಡುತ್ತಿದ್ದ ಕೆಲಸಗಾರ ವರ್ಗದವರ ಕೈಗೂ ಅದನ್ನು ಮುಟ್ಟಿಸಿದರು. ಅಗ್ಗ ಮಾಡುವ ಭರದಲ್ಲಿ ಮೊದಲ ಗಾಡಿಗಳಲ್ಲಿ ಕೆಲವು ನ್ಯೂನತೆಗಳು ಉಳಿದಿದ್ದವೆಂಬುದನ್ನೂ ಮುಚ್ಚಿಡಬೇಕಾಗಿಲ್ಲ; ಅವನ್ನು ಬೇಗನೆ ಸರಿಪಡಿಸಿದರು. ಆದರೆ ೧೯೨೯ರ ಜಾಗತಿಕ ಆರ್ಥಿಕ ಕುಸಿತ ಎಲ್ಲರಂತೆ ಇವರನ್ನೂ ತಟ್ಟಿತು. ನ್ಯೂರೆಂಬರ್ಗ್ ಶಾಖೆಯ ಸಂಬಂಧ ಕಡಿಯಿತು. ಸಾಲ ಬೆಳೆಯಿತು. ೧೯೩೩ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಬೆಟ್‌ಮನ್ ನಿವೃತ್ತರಾದರು.

೧೯೩೬ರಲ್ಲಿ ಕಾರಿನ ಕಂಪನಿಯು ಮೋಟಾರ್ ಸೈಕಲ್ ತಯಾರಿಕೆಯನ್ನು ಕೈಬಿಡಲು ಹೊರಟಾಗ ಜ್ಯಾಕ್ ಸ್ಯಾಂಗ್‌ಸ್ಟರ್ ಎಂಬ ಉದ್ಯಮಿ ಅದನ್ನು ಕೊಂಡರು. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮನೆಯಲ್ಲಿ ಕುಳಿತಿದ್ದ ಬೆಟ್‌ಮನ್ ಅವರನ್ನು ಕರೆದು ಹೊಸ ಕಂಪನಿಯ ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದು. ಕೆಲಕಾಲದ ಮಟ್ಟಿಗಾದರೂ ಆ ಹಿರಿಯರಿಗೆ ತಾವು ಕಟ್ಟಿದ ಮನೆಯ ಯಜಮಾನಿಕೆ ಮತ್ತೆ ದೊರೆಯಿತು. ಎಡ್ವರ್ಡ್ ಟರ್ನರ್ ರೂಪಿಸಿದ, ಅವಳಿ ಸಿಲಿಂಡರಿನ ಪ್ರಸಿದ್ಧ ‘ಸ್ಪೀಡ್ ಟ್ವಿನ್’ ಗಾಡಿ ೧೯೩೭ರಲ್ಲಿ ಹೊರಬಂದದ್ದು ಇದೇ ಸಂಸ್ಥೆಯಿಂದ.

ಅದೇ ಕಾಲದಲ್ಲಿ ಅವರ ಹುಟ್ಟೂರಿನ ಹೆಸರು ಬೇರೆಯದೇ ಕಾರಣಕ್ಕೆ ಜಗತ್ತಿನ ಬಾಯಲ್ಲಿತ್ತು. ಯಹೂದಿಗಳ ಪೌರತ್ವವನ್ನು ಕಿತ್ತುಕೊಂಡ ಹಿಟ್ಲರನ ಶಾಸನಗಳು ೧೯೩೫ರಲ್ಲಿ ಘೋಷಿತವಾದದ್ದು ನ್ಯೂರೆಂಬರ್ಗಿನಲ್ಲಿಯೇ. ತಂದೆಯ ಊರಿನಲ್ಲಿಯೇ ಉಳಿದಿದ್ದರೆ ಬೆಟ್‌ಮನ್ ಅವರ ಮುಪ್ಪು ಹೇಗೆ ಕಳೆಯುತ್ತಿತ್ತೆಂಬುದನ್ನು ಊಹಿಸಲೂ ಭಯವಾಗುತ್ತದೆ. ಕೊವೆಂಟ್ರಿ ಅವರ ಕೊರಳ ಸರವನ್ನು ತೆಗೆದುಕೊಂಡಿತ್ತು, ಕೊರಳನ್ನು ಉಳಿಸಿತ್ತು.

೧೯೪೦ರ ನವೆಂಬರ್ ೧೪ರ ಬೆಳುದಿಂಗಳ ರಾತ್ರಿ ಐನೂರರಷ್ಟು ಜರ್ಮನ್ ವಿಮಾನಗಳು ಕೊವೆಂಟ್ರಿಯ ಮೇಲೆ ಬಾಂಬು ಸುರಿದವು. ಐನೂರಕ್ಕೂ ಹೆಚ್ಚು ಮಂದಿ ಮಡಿದರು. ನಗರದ ಪ್ರಾಚೀನ ಇಗರ್ಜಿ ಸುಟ್ಟು ಗೋಡೆಗಳಷ್ಟೇ ಉಳಿದವು. ಅದರ ಮಗ್ಗುಲಿನಲ್ಲಿದ್ದ ಪ್ರಯರಿ ಬೀದಿಯ ಟ್ರಯಂಫ್ ಕಾರ್ಖಾನೆಯೂ ನೆಲಸಮವಾಯಿತು. ಮೊದಲ ಯುದ್ಧ ಆ ವೃದ್ಧರ ಪದವಿಯನ್ನು ಕಸಿಯಿತು, ಎರಡನೆಯ ಯುದ್ಧ ಅವರು ಕಟ್ಟಿದ ಕಟ್ಟಡವನ್ನು. ಕಾರ್ಖಾನೆಯನ್ನು ೧೯೪೨ರಲ್ಲಿ ಸಮೀಪದ ಮೆರಿಡೆನ್ ಎಂಬಲ್ಲಿ ಹೊಸದಾಗಿ ಕಟ್ಟಿದರು. ಬೆಟ್‌ಮನ್ ಇದೆಲ್ಲವನ್ನೂ ಕಂಡು, ೧೯೫೧ರ ಸೆಪ್ಟೆಂಬರ್ ೨೩ರಂದು, ಕೊವೆಂಟ್ರಿಯ ತಮ್ಮ ಮನೆಯಲ್ಲಿ, ಎಂಬತ್ತೆಂಟನೆಯ ವಯಸ್ಸಿನ ತುಂಬು ಬಾಳನ್ನು ಮುಗಿಸಿದರು.

ಆ ಹೆಸರು ಆಮೇಲೆ ಸುತ್ತಿದ ದಾರಿಗಳು ಒಂದೆರಡಲ್ಲ. ನ್ಯೂರೆಂಬರ್ಗಿನ ಕಾರ್ಖಾನೆಯಿಂದ ಬಂದ ಟ್ರಯಂಫ್ ಬೆರಳಚ್ಚು ಯಂತ್ರಗಳು ಜಗತ್ತಿನ ಅನೇಕ ಕಚೇರಿಗಳಲ್ಲಿ ಟಕಟಕ ಸದ್ದು ಮಾಡಿದವು. ಕಾರಿನ ಕಂಪನಿ ದಿವಾಳಿಯೆದ್ದು, ಕೊನೆಗೆ ೧೯೪೪ರಲ್ಲಿ ಅದನ್ನು ಕೊಂಡವರು ಬೇರೆ ಯಾರೂ ಅಲ್ಲ, ಬೆಟ್‌ಮನ್ ಒಮ್ಮೆ ಅಧ್ಯಕ್ಷರಾಗಿದ್ದ ಸ್ಟ್ಯಾಂಡರ್ಡ್ ಕಂಪನಿಯವರು. ಆ ಎರಡು ಹೆಸರುಗಳ ಕೂಡುವಿಕೆಯಿಂದಲೇ ನಮ್ಮ ದೇಶಕ್ಕೆ ಒಂದು ಕಾರು ಬಂತು: ೧೯೬೧ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಮೂಲದಲ್ಲಿ ಅದು ಟ್ರಯಂಫ್ ಹೆರಾಲ್ಡ್. ಇಡೀ ಮುಂಭಾಗವನ್ನೇ ಎತ್ತಿ ಎಂಜಿನ್ನು ತೋರಿಸುತ್ತಿದ್ದ ಆ ಪುಟ್ಟ ಕಾರು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ವೈದ್ಯರ, ವಕೀಲರ ಮನೆಗಳ ಮುಂದೆ ನಿಂತಿರುತ್ತಿದ್ದುದು ನಮ್ಮ ಓದುಗರಲ್ಲಿ ಹಿರಿಯರಾದವರಿಗೆ ನೆನಪಿದ್ದೀತು. ಮೆರಿಡೆನ್ ಕಾರ್ಖಾನೆ ೧೯೮೩ರಲ್ಲಿ ಮುಚ್ಚಿತು. ಜಾನ್ ಬ್ಲೂರ್ ಎಂಬ ಗೃಹನಿರ್ಮಾಣ ಉದ್ಯಮಿ ಹೆಸರನ್ನು ಕೊಂಡು, ಹಿಂಕ್ಲಿ ಎಂಬ ಊರಿನಲ್ಲಿ ಹೊಸ ಕಾರ್ಖಾನೆ ಕಟ್ಟಿ, ತೊಂಬತ್ತರ ದಶಕದ ಆರಂಭದಿಂದ ಮತ್ತೆ ಗಾಡಿಗಳನ್ನು ಹೊರತಂದರು. ೨೦೨೩ರಲ್ಲಿ ಬಜಾಜ್ ಸಂಸ್ಥೆಯ ಸಹಯೋಗದಲ್ಲಿ ಪುಣೆಯ ಬಳಿಯ ಚಾಕಣದಿಂದ ೪೦೦ ಸಿಸಿಯ ಟ್ರಯಂಫ್ ಬಂತು. ಎಲ್ಲ ಭಾಷೆಯವರಿಗೂ ತಿಳಿಯಲೆಂದು ೧೮೮೬ರಲ್ಲಿ ಆರಿಸಿದ ಆ ಹೆಸರನ್ನು ಹುಬ್ಬಳ್ಳಿಯ ಹುಡುಗನೂ ಈಗ ತಡವರಿಸದೆ ಹೇಳುತ್ತಾನೆ.